ವಿದ್ವತ್ಪತ್ರಿಕೆಗೆ ಬರೆಯುವ ಮುನ್ನ, ಬರೆದುದನ್ನು ಪರಿಶೀಲಿಸುವ ಮುನ್ನ

ಮಳೆಯ ವಿಷಯದಲ್ಲಿ ದೈವಕೃಪೆಗೆ ಅಷ್ಟಾಗಿ ಪಾತ್ರವಾಗದ, ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ವಿದ್ವಾಂಸರ ಗಮನದ ವಿಷಯದಲ್ಲಿ ಮಾತ್ರ ಬರವನ್ನು ಕಂಡವಲ್ಲ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡನ್ನು ಅಳೆಯುವುದಕ್ಕೆ ರಸಾಯನಶಾಸ್ತ್ರಜ್ಞರು ಬರುತ್ತಾರೆ; ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಹರಡಿಕೊಂಡಿರುವ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನೋಡಿ ಬರೆಯುವುದಕ್ಕೆ ಅರ್ಥಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಬರುತ್ತಾರೆ; ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಿಗೆ ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯವನ್ನೂ ಗಣೆಯೆಂಬ ಕೊಳಲಿನ ನಾದವನ್ನೂ ಅರಸಿಕೊಂಡು ಜಾನಪದ ವಿದ್ವಾಂಸರು ಬರುತ್ತಾರೆ; ಕಗ್ಗಲಡುವಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಮೇಯುವ ಕೃಷ್ಣಮೃಗಗಳನ್ನು, ಕೊರಟಗೆರೆಯ ಸಿದ್ಧರಬೆಟ್ಟದ ಮೂಲಿಕೆಗಳನ್ನು ಎಣಿಸಿ ಹೆಸರಿಸುವುದಕ್ಕೆ ಜೀವಶಾಸ್ತ್ರದವರು ಬರುತ್ತಾರೆ. ಬಂದವರು ಬರೆಯುತ್ತಾರೆ, ಬರೆದುದು ಯಾವುದೋ ವಿದ್ವತ್ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಅಚ್ಚಾದುದನ್ನು ಈ ಊರುಗಳವರು ಬಹುಮಟ್ಟಿಗೆ ಎಂದೂ ಓದುವುದಿಲ್ಲ.

ಹೊರಗಿನಿಂದ ಬರುವವರಲ್ಲದೆ, ಈ ತಾಲ್ಲೂಕುಗಳ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠ ಹೇಳುತ್ತಲೇ, 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯದಲ್ಲಿಯೋ ಬೇರೊಂದೆಡೆಯೋ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು, ಪದವಿಗೂ ಬಡ್ತಿಗೂ 'ಪೇಪರ್ ಹಾಕಬೇಕು' ಎಂಬ ಚಿಂತೆಯಲ್ಲಿ ಬೇಯುತ್ತಿರುವ ಅಧ್ಯಾಪಕರೂ ಇಲ್ಲಿ ಬಹಳ ಮಂದಿ ಇದ್ದಾರೆ. ಈ ಲೇಖನ ಮುಖ್ಯವಾಗಿ ಅವರನ್ನು ಉದ್ದೇಶಿಸಿದ್ದು. ಪ್ರಬಂಧವೊಂದು ಅಚ್ಚಾಗುವ ದಾರಿಯಲ್ಲಿ ಲೇಖಕರು, ತಪ್ಪಿದ್ದರೆ ಪರಿಶೀಲಕರು ಹಿಡಿಯುತ್ತಾರೆಂದು ನಂಬುತ್ತಾರೆ. ಪರಿಶೀಲಕರು, ಕೊನೆಯ ಮಾತು ಸಂಪಾದಕರದಲ್ಲವೇ ಎಂದು ಸಮಾಧಾನಪಡುತ್ತಾರೆ. ಸಂಪಾದಕರು ಲೇಖಕರ ಸಂಸ್ಥೆಯನ್ನು ನೆಚ್ಚುತ್ತಾರೆ. ಸಂಸ್ಥೆಯು, ಪತ್ರಿಕೆಯಲ್ಲಿ ಅಚ್ಚಾಗಿದೆಯೆಂಬ ಕಾರಣಕ್ಕೇ ಎಲ್ಲವೂ ಸರಿಯಾಗಿರಬೇಕೆಂದು ಭಾವಿಸಿ ಅಂಕ ಕೊಡುತ್ತದೆ. ಹೀಗೆ ಒಬ್ಬರಿಂದೊಬ್ಬರಿಗೆ ದಾಟುತ್ತಾ ಹೊಣೆಯೆಂಬುದು ಯಾರ ಬಳಿಯೂ ನಿಲ್ಲದೆ ಹೋಗುವುದೇ ವಿದ್ವತ್ಪ್ರಕಟನೆಯ ಇಂದಿನ ರೋಗವೆಂದು ನನ್ನ ಅಭಿಪ್ರಾಯ. ಆದಕಾರಣ ಯಾರ ಪಾಲಿನ ಹೊಣೆ ಯಾವುದು, ಅದನ್ನು ವ್ಯವಹಾರದಲ್ಲಿ ನಿರ್ವಹಿಸುವ ಬಗೆ ಹೇಗೆ ಎಂಬುದನ್ನು ಆದಷ್ಟು ವಿಶದವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಮಾಹಿತಿ ಕೊಟ್ಟವರ ಮಾತು. ಪ್ರಕಟನೆಯ ನೀತಿಯನ್ನು ಕುರಿತ ಗ್ರಂಥಗಳಲ್ಲಿ ಲೇಖಕ, ಪರಿಶೀಲಕ, ಸಂಪಾದಕ, ಪ್ರಕಾಶಕ ಎಂಬ ನಾಲ್ವರ ಪ್ರಸ್ತಾಪ ವಿಸ್ತಾರವಾಗಿ ಬರುತ್ತದೆ. ಐದನೆಯವರಾದ ಮಾಹಿತಿದಾರರು ಅಡಿಟಿಪ್ಪಣಿಗೆ ಸರಿದುಬಿಡುತ್ತಾರೆ. ನಮ್ಮ ಸೀಮೆಯಲ್ಲಿ ಬರೆಯುವವರಿಗಾದರೋ ಇವರೇ ಮೊದಲಿಗರು. ಪಾವಗಡದ ನಿದರ್ಶನವನ್ನೇ ತೆಗೆದುಕೊಳ್ಳೋಣ. ಸೌರ ಉದ್ಯಾನಕ್ಕೆ ರೈತರ ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರೆಂಬುದೂ, ಭೂಮಿಯಿದ್ದವರಿಗೆ ಈ ವರಮಾನ ದೊರೆತರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನಾಯಿತೆಂಬ ಪ್ರಶ್ನೆಯೂ ಸಂಶೋಧನೆಗೆ ಯೋಗ್ಯವಾದ ವಿಷಯಗಳೇ ಸರಿ. ಆದರೆ ಈ ಪ್ರಶ್ನೆಯನ್ನು ಹಿಡಿದುಕೊಂಡು ಮನೆಮನೆಗೆ ಹೋಗತಕ್ಕವರು ಕೇಳುವುದೆಲ್ಲವೂ ಸಾಲ, ಆದಾಯ, ದಾಯಾದಿಗಳ ಜಗಳ, ಜಾತಿ ಇವುಗಳ ಸುತ್ತ ಇರುವಂಥದು. ಪ್ರಬಂಧದಲ್ಲಿ ಹೆಸರನ್ನು ಬಿಟ್ಟ ಮಾತ್ರಕ್ಕೆ ಗೌಪ್ಯವನ್ನು ಕಾಪಾಡಿದಂತಾಯಿತೆಂದು ಬಗೆಯುವುದು ಸರಿಯಲ್ಲ. ವಳ್ಳೂರಿನವಳು, ವಿಧವೆ, ಇಂಥ ಜಾತಿ, ಇಷ್ಟು ಎಕರೆ ಕೊಟ್ಟವಳು, ಒಬ್ಬ ಮಗ ಬೆಂಗಳೂರಿನಲ್ಲಿದ್ದಾನೆ ಎಂದು ಬರೆದರೆ ಇಂಗ್ಲೆಂಡಿನ ಓದುಗನಿಗೆ ಅವಳು ಅಜ್ಞಾತಳಾಗಿ ಉಳಿದಾಳು. ಊರಿನವರಿಗೆ ಅವಳ ಮನೆಯ ಬಾಗಿಲನ್ನೇ ತೋರಿಸಿದಂತೆ. ಆದ್ದರಿಂದ ವಿವರಗಳನ್ನು ಒಬ್ಬರ ಮೇಲೆಯೇ ಪೇರಿಸದೆ ಹಂಚಿಡುವುದು, ಎಕರೆಯನ್ನೂ ವಯಸ್ಸನ್ನೂ ನಿಷ್ಕೃಷ್ಟವಾಗಿ ಹೇಳದೆ ಒಂದು ಮಿತಿಯೊಳಗೆ ಸೂಚಿಸುವುದು, ಚಿಕ್ಕ ಗ್ರಾಮವಾದರೆ ಗ್ರಾಮದ ಹೆಸರಿಗೆ ಬದಲಾಗಿ ಹೋಬಳಿಯನ್ನು ಮಾತ್ರ ಹೇಳುವುದು, ಇವೆಲ್ಲ ಬರವಣಿಗೆಯ ಹಂತದಲ್ಲಿಯೇ ಪಾಲಿಸತಕ್ಕ ನಿಯಮಗಳು.

ಸಮ್ಮತಿಪತ್ರದ ವಿಷಯದಲ್ಲಿಯೂ ಇಷ್ಟೇ ವಿವೇಚನೆ ಬೇಕು. ಪಾವಗಡ ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿದ ತಾಲ್ಲೂಕು. ಅಲ್ಲಿನ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಅಂಥ ಮನೆಯ ಜಗಲಿಯಲ್ಲಿ ಕುಳಿತು, ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು, 'ತಿಳಿವಳಿಕೆಪೂರ್ವಕ ಸಮ್ಮತಿಯನ್ನು ಪಡೆಯಲಾಗಿದೆ' ಎಂದು ಪ್ರಬಂಧದಲ್ಲಿ ಬರೆಯುವುದು ಅಸತ್ಯವೇ ಹೊರತು ಬೇರೇನೂ ಅಲ್ಲ. ಏನು ಕೇಳುತ್ತೇವೆ, ಏಕೆ ಕೇಳುತ್ತೇವೆ, ಅದು ಎಲ್ಲಿ ಅಚ್ಚಾಗುತ್ತದೆ, ಬೇಡವೆಂದರೆ ಯಾವ ನಷ್ಟವೂ ಇಲ್ಲ, ಇದರಿಂದ ಗುತ್ತಿಗೆಯ ಹಣ ಹೆಚ್ಚುವುದೂ ಇಲ್ಲ ಕಡಿಮೆಯಾಗುವುದೂ ಇಲ್ಲ ಎಂಬುದನ್ನು ಅವರ ಮಾತಿನಲ್ಲಿಯೇ ಹೇಳಿ, ಓದಲು ಬಾರದವರಾದರೆ ಸಾಕ್ಷಿಯೊಬ್ಬರ ಎದುರಿನಲ್ಲಿ ಒಪ್ಪಿಗೆ ಪಡೆಯುವುದು ಕ್ರಮ. ಇಷ್ಟಕ್ಕೆ ವ್ಯವಧಾನವಿಲ್ಲದವರು ಆ ಅಧ್ಯಯನವನ್ನು ಕೈಗೆತ್ತಿಕೊಳ್ಳದಿರುವುದೇ ಲೇಸು.

ಫ್ಲೋರೈಡಿನ ಅಧ್ಯಯನಕ್ಕೆ ಇನ್ನೂ ಒಂದು ಹೊಣೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ನೀರಿಲ್ಲದ ಪಕ್ಷದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಒಂದು ಊರಿನ ಕೊಳವೆಬಾವಿಯಲ್ಲಿ ಇದಕ್ಕಿಂತ ಅಧಿಕವಾದ ಪ್ರಮಾಣ ಕಂಡುಬಂದಾಗ, ಆ ಅಂಕಿಯನ್ನು ಪತ್ರಿಕೆಗೆ ಕಳುಹಿಸಿ, ಪರಿಶೀಲನೆ ಮುಗಿದು ಅಚ್ಚಾಗಿ ಬರುವ ತನಕ ಊರಿನವರಿಗೆ ಹೇಳದೆ ಬಚ್ಚಿಟ್ಟುಕೊಳ್ಳುವುದು ಯಾವ ನ್ಯಾಯದಿಂದಲೂ ಸಮರ್ಥನೀಯವಲ್ಲ. ಪಂಚಾಯಿತಿಗೂ ಶಾಲೆಗೂ ಆ ವಾರವೇ ತಿಳಿಸತಕ್ಕದ್ದು. ಹೀಗೆ ತಿಳಿಸಿದರೆ ಪ್ರಕಟನೆಗೆ ಬಾಧಕವಾದೀತೆಂಬ ಭೀತಿ ನಿರಾಧಾರವಾದದ್ದು. ಸಾರ್ವಜನಿಕ ಆರೋಗ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮುಂಚಿತವಾಗಿ ಅಧಿಕಾರಿಗಳಿಗೆ ತಿಳಿಸುವುದನ್ನು ವೈದ್ಯಕೀಯ ಪತ್ರಿಕೆಗಳ ನಿಯಮಗಳೇ ಒಪ್ಪುತ್ತವೆ. ಹಲ್ಲು ಕಂದಿದ, ಕಾಲು ಸೊಟ್ಟಗಾದ ಮಕ್ಕಳ ಛಾಯಾಚಿತ್ರಗಳನ್ನು ಅಚ್ಚುಹಾಕಿ ಕಣ್ಣಿನ ಮೇಲೊಂದು ಕಪ್ಪುಪಟ್ಟಿ ಎಳೆದರೆ ಸಾಕೆಂಬ ಹಳೆಯ ಪದ್ಧತಿಯನ್ನು ಅದೇ ನಿಯಮಗಳು ಸಾಲದೆಂದು ತಳ್ಳಿಹಾಕಿವೆ. ಮನುಷ್ಯರ ಆರೋಗ್ಯವನ್ನು ಕುರಿತ ಯಾವ ಅಧ್ಯಯನಕ್ಕಾದರೂ ನೀತಿಸಮಿತಿಯ ಅನುಮತಿ ಅಧ್ಯಯನದ ಆರಂಭಕ್ಕೆ ಮೊದಲೇ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ 2017ರ ಮಾರ್ಗಸೂಚಿ ವಿಧಿಸುತ್ತದೆ. ತಾಲ್ಲೂಕಿನ ಕಾಲೇಜಿನಲ್ಲಿ ಅಂಥ ಸಮಿತಿ ಇರುವುದು ಅಪರೂಪ. ಹಾಗಿರುವಲ್ಲಿ ತುಮಕೂರಿನ ವೈದ್ಯಕೀಯ ಕಾಲೇಜೊಂದರ ಸಮಿತಿಯ ಮುಂದೆ ಲಿಖಿತ ಒಡಂಬಡಿಕೆಯ ಮೂಲಕ ವಿಷಯವನ್ನು ಇಡಬಹುದು. ಅಧ್ಯಯನವೆಲ್ಲ ಮುಗಿದು, ಪತ್ರಿಕೆಯವರು ಅನುಮತಿಯ ಸಂಖ್ಯೆಯನ್ನು ಕೇಳಿದಾಗ ಹಿಂದಿನ ತಾರೀಖಿನ ಪತ್ರಕ್ಕಾಗಿ ಓಡಾಡುವುದು ಸುಳ್ಳುಸಾಕ್ಷ್ಯವನ್ನು ಸಿದ್ಧಪಡಿಸುವುದಕ್ಕೆ ಸಮಾನ.

ರೈತರ ಹೆಸರನ್ನು ಮರೆಮಾಡುವುದು ಧರ್ಮವಾದರೆ, ಜುಂಜಪ್ಪನ ಕಾವ್ಯವನ್ನು ಹಾಡಿದವರ ಹೆಸರನ್ನು ಮರೆಮಾಡುವುದು ಅಧರ್ಮ. ಒಂದು ಹಟ್ಟಿಯಲ್ಲಿ ಒಬ್ಬ ಗಾಯಕರು ರಾತ್ರಿಯೆಲ್ಲ ಕುಳಿತು ಹಾಡಿದುದನ್ನು ಧ್ವನಿಮುದ್ರಿಸಿಕೊಂಡು ಬಂದು, 'ಶಿರಾ ತಾಲ್ಲೂಕಿನ ವಕ್ತೃವೊಬ್ಬರಿಂದ ಸಂಗ್ರಹಿಸಿದ್ದು' ಎಂದಷ್ಟೇ ಬರೆದು, ಪಠ್ಯದ ಮೇಲೆ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಕೊಳ್ಳುವ ಸಂಗ್ರಾಹಕರು ಆ ಗಾಯಕರ ವಿದ್ಯೆಯನ್ನು ಅಪಹರಿಸಿದಂತೆಯೇ. ಅವರ ಹೆಸರು, ಹಟ್ಟಿ, ಯಾರಿಂದ ಕಲಿತರು, ಎಂದು ಹಾಡಿದರು ಎಂಬುದೆಲ್ಲ ಪ್ರಬಂಧದ ಮೊದಲ ಪುಟದಲ್ಲಿರಬೇಕು, ಅವರು ಬೇಡವೆಂದ ಪಕ್ಷದಲ್ಲಿ ಹೊರತು. ಎರಡು ಸಂದರ್ಭಗಳಲ್ಲಿಯೂ ತತ್ತ್ವವೊಂದೇ: ಹೆಸರು ಹಾಕುವುದೋ ಬಿಡುವುದೋ ಎಂಬ ನಿರ್ಣಯ ಬರೆಯುವವರದಲ್ಲ, ಕೊಟ್ಟವರದು.

ಸಿದ್ಧರಬೆಟ್ಟದ ಮೂಲಿಕೆಗಳನ್ನು ಕುರಿತು ಬರೆಯುವವರು ನಾಟಿವೈದ್ಯರ ತಿಳಿವಳಿಕೆಯನ್ನು ಪಟ್ಟಿಮಾಡಿ ಅಚ್ಚು ಹಾಕುವುದಕ್ಕೆ ಮೊದಲು, 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಇರತಕ್ಕ ಜೀವವೈವಿಧ್ಯ ನಿರ್ವಹಣಾ ಸಮಿತಿಯವರೊಡನೆ ಮಾತನಾಡಬೇಕು. ವಿರಳವಾದ ಗಿಡವೊಂದು ಬೆಟ್ಟದ ಯಾವ ಮಗ್ಗುಲಿನಲ್ಲಿದೆಯೆಂದು ಅಕ್ಷಾಂಶ ರೇಖಾಂಶಗಳೊಡನೆ ಪ್ರಕಟಿಸುವುದು, ಬೇರು ಕೀಳುವವರಿಗೆ ನಕ್ಷೆ ಬರೆದುಕೊಟ್ಟಂತಾದೀತು. ಹಕ್ಕಿಗಳ ಗೂಡುಗಳ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಲೇಖಕತ್ವ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಸಂಪಾದಕರ ಸಭೆಯಿಂದ ಹುಟ್ಟಿದ್ದು, ಲೇಖಕರೆನಿಸಿಕೊಳ್ಳಲು ನಾಲ್ಕು ಲಕ್ಷಣಗಳನ್ನು ವಿಧಿಸುತ್ತದೆ: ಕೆಲಸದ ಕಲ್ಪನೆಯಲ್ಲಿಯೋ ದತ್ತಾಂಶದಲ್ಲಿಯೋ ಗಣನೀಯವಾದ ಪಾಲು, ಬರೆಯುವುದರಲ್ಲಿಯೋ ವಿಮರ್ಶಾಪೂರ್ವಕವಾಗಿ ತಿದ್ದುವುದರಲ್ಲಿಯೋ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಮತ್ತು ಪ್ರಬಂಧದ ಎಲ್ಲ ಅಂಶಗಳಿಗೂ ಉತ್ತರ ಹೇಳುವ ಬಾಧ್ಯತೆ. ನಾಲ್ಕೂ ಕೂಡಿದರೆ ಮಾತ್ರ ಲೇಖಕರು. ಒಂದು ಕಡಿಮೆಯಾದರೆ ಕೃತಜ್ಞತೆಯ ಸಾಲಿನಲ್ಲಿ ಸ್ಥಾನ. ನಮ್ಮಲ್ಲಿ ಗೈಡ್ ಅವರ ಹೆಸರನ್ನು ಗೌರವಾರ್ಥವಾಗಿ, ವಿಭಾಗದ ಮುಖ್ಯಸ್ಥರ ಹೆಸರನ್ನು ಭಯಾರ್ಥವಾಗಿ, ಶುಲ್ಕವನ್ನು ಹಂಚಿಕೊಂಡ ಸ್ನೇಹಿತರ ಹೆಸರನ್ನು ಉಪಕಾರಾರ್ಥವಾಗಿ ಸೇರಿಸುವ ರೂಢಿ ಬೇರೂರಿದೆ. ಗುರುಭಕ್ತಿ ಒಳ್ಳೆಯದೇ, ಆದರೆ ಪ್ರಬಂಧದಲ್ಲಿ ದೋಷ ಹೊರಬಿದ್ದ ದಿನ ಆ ಭಕ್ತಿಯ ಫಲವನ್ನು ಗುರುಗಳೂ ಅನುಭವಿಸಬೇಕಾಗುತ್ತದೆಂಬುದನ್ನು ಶಿಷ್ಯರು ಅವರಿಗೆ ಮೊದಲೇ ವಿನಯದಿಂದ ತಿಳಿಸಿದರೆ, ಹಲವು ಹೆಸರುಗಳು ತಾವಾಗಿಯೇ ಉದುರಿಹೋದಾವು. ಯಾರು ಯಾವ ಕೆಲಸ ಮಾಡಿದರೆಂಬುದನ್ನು ಅಧ್ಯಯನದ ಆರಂಭದಲ್ಲಿಯೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ರುಜು ಹಾಕಿಟ್ಟುಕೊಳ್ಳುವುದು ಮುಂದಿನ ಮನಸ್ತಾಪಗಳಿಗೆ ಉತ್ತಮವಾದ ಪ್ರತಿಬಂಧಕ.

2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಎಂಬ ಪತ್ರಿಕೆಯಲ್ಲಿ ಬೆಂಗಳೂರಿನ ವಿಜ್ಞಾನಿಗಳ ಪ್ರಬಂಧವೊಂದು ಪ್ರಕಟವಾಯಿತು, ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರೂ ಅದರ ಸಹಲೇಖಕರಲ್ಲಿ ಒಬ್ಬರು. ಅದರ ಪ್ರಸ್ತಾವನೆಯ ಕೆಲವು ವಾಕ್ಯಗಳು ಬೇರೊಂದು ಪ್ರಬಂಧದಿಂದ ಯಥಾವತ್ತಾಗಿ ಬಂದಿದ್ದವೆಂಬುದು ಗೊತ್ತಾದಾಗ ಲೇಖಕರು ಪತ್ರಿಕೆಯಲ್ಲಿಯೇ ಕ್ಷಮೆ ಕೋರಿದರು. ಪ್ರಯೋಗದ ಫಲಿತಾಂಶಗಳ ಬಗ್ಗೆ ಅಲ್ಲಿ ವಿವಾದವಿರಲಿಲ್ಲ. ಆದರೂ ಕೆಲವು ವಾಕ್ಯಗಳ ವಿಷಯ ದೇಶದ ದಿನಪತ್ರಿಕೆಗಳಲ್ಲೆಲ್ಲ ಚರ್ಚೆಯಾಯಿತು. ಕಿರಿಯರು ಬರೆದ ಪ್ರಸ್ತಾವನೆಯನ್ನು ಹಿರಿಯರು ಓದಿಯೇ ರುಜು ಹಾಕಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ದೃಷ್ಟಾಂತ ಬೇಕಿಲ್ಲ.

ಕೃತಿಚೌರ್ಯದ ವಿಷಯದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಸ್ಪಷ್ಟವಾದ ಮಟ್ಟಗಳನ್ನು ಹಾಕಿಕೊಟ್ಟಿದೆ. ಹೋಲಿಕೆ ಶೇಕಡಾ 10ರವರೆಗಿದ್ದರೆ ದಂಡನೆಯಿಲ್ಲ. 10ರಿಂದ 40ರವರೆಗಾದರೆ ಅಚ್ಚಿಗೆ ಕೊಟ್ಟ ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕು. 40ರಿಂದ 60ರವರೆಗಾದರೆ ಅದರ ಜೊತೆಗೆ ಒಂದು ವಾರ್ಷಿಕ ವೇತನ ಬಡ್ತಿಯೂ ಎರಡು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಅಧಿಕಾರವೂ ಹೋಗುತ್ತವೆ. 60ನ್ನು ಮೀರಿದರೆ ಎರಡು ಬಡ್ತಿ, ಮೂರು ವರ್ಷ. ನಿಯಮ ಒಳ್ಳೆಯದೇ ಆದರೂ ಅದರಿಂದ ಒಂದು ವಿಚಿತ್ರವಾದ ಭ್ರಮೆ ಹುಟ್ಟಿದೆ: ತಂತ್ರಾಂಶದ ವರದಿಯಲ್ಲಿ ಒಂಬತ್ತು ಎಂದು ಬಂದರೆ ಪ್ರಬಂಧ ಪರಿಶುದ್ಧವಾಯಿತೆಂದು ಜನ ನಿಶ್ಚಿಂತರಾಗುತ್ತಾರೆ. ಆ ಒಂಬತ್ತರಲ್ಲಿಯೇ ಪ್ರಬಂಧದ ಸಮಸ್ತ ಫಲಿತಾಂಶವೂ ಬೇರೆಯವರದಾಗಿರಬಹುದು. ಇಪ್ಪತ್ತೈದು ಬಂದ ಪ್ರಬಂಧದಲ್ಲಿ ಪ್ರಯೋಗವಿಧಾನದ ಸಿದ್ಧವಾಕ್ಯಗಳಲ್ಲದೆ ಬೇರೇನೂ ಇಲ್ಲದಿರಬಹುದು. ಕನ್ನಡದಲ್ಲಿ ಬರೆಯುವವರ ಮಟ್ಟಿಗಂತೂ ಯಂತ್ರದ ಕಣ್ಣು ಇನ್ನೂ ಮಂದ. ಇಂಗ್ಲಿಷಿನ ಲೇಖನವೊಂದನ್ನು ಪುಟಕ್ಕೆ ಪುಟ ಕನ್ನಡಿಸಿ ತಮ್ಮದೆಂದು ಅಚ್ಚು ಹಾಕಿದವರನ್ನು ಶೇಕಡಾಂಶ ಹಿಡಿಯಲಾರದು. ಅಂಥಲ್ಲಿ ವಾಕ್ಯ ತಮ್ಮದು, ವಿಚಾರ ಇಂಥವರದು ಎಂದು ಸ್ಪಷ್ಟವಾಗಿ ಹೇಳುವುದೊಂದೇ ದಾರಿ. ತಮ್ಮದೇ ಹಳೆಯ ಪ್ರಬಂಧವನ್ನು ಶೀರ್ಷಿಕೆ ಬದಲಿಸಿ ಮತ್ತೊಂದೆಡೆ ಪ್ರಕಟಿಸುವುದೂ, ಒಂದೇ ಪ್ರಬಂಧವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸುವುದೂ ಇದೇ ವರ್ಗಕ್ಕೆ ಸೇರಿದ ದೋಷಗಳು.

ಮೂಲದತ್ತಾಂಶವನ್ನು ತೋರಿಸುವ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉತ್ಕೃಷ್ಟವಾದ ಮಾದರಿಯಿದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿವೆ. ಶಾಸನದ ತಾತ್ಪರ್ಯವನ್ನಷ್ಟೇ ಹೇಳಿ ಮುಗಿಸದೆ ಮೂಲಪಾಠವನ್ನೂ, ರೋಮನ್ ಲಿಪಿಯ ರೂಪವನ್ನೂ, ಇಂಗ್ಲಿಷ್ ಅನುವಾದವನ್ನೂ ಮುದ್ರಿಸಿದ ಆ ಪದ್ಧತಿಯಿಂದ ಆದ ಲಾಭವೇನೆಂದರೆ, ರೈಸರ ಓದು ತಪ್ಪೆಂದು ತೋರಿದ ಕಡೆ ಅದನ್ನು ತಿದ್ದುವುದಕ್ಕೆ ಬೇಕಾದ ಆಧಾರ ಅವರ ಪುಸ್ತಕದಲ್ಲಿಯೇ ದೊರೆಯಿತು. ಮುಂದಿನ ವಿದ್ವಾಂಸರು ತಿದ್ದಿದರು, ಮೈಸೂರು ವಿಶ್ವವಿದ್ಯಾನಿಲಯವು 1970ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನೇ ತರತೊಡಗಿತು. ಇಂದು ನೀರಿನ ಮಾದರಿಯ ಅಂಕಿಗಳಾಗಲಿ, ಕೃಷ್ಣಮೃಗಗಳ ಗಣತಿಯ ಹಾಳೆಗಳಾಗಲಿ, ಹೆಸರು ತೆಗೆದ ಸಂದರ್ಶನಗಳ ಕೋಷ್ಟಕಗಳಾಗಲಿ ಪ್ರಬಂಧದ ಜೊತೆಯಲ್ಲಿ ಲಭ್ಯವಾಗಬೇಕೆಂದು ಪತ್ರಿಕೆಗಳು ಕೇಳುವುದರ ಹಿಂದೆ ಇರುವುದು ಇದೇ ಸಾಧುವಾದ ಉದ್ದೇಶ.

ಈಗ ಪತ್ರಿಕೆಯ ಆಯ್ಕೆ. ಇಲ್ಲಿ ಮೋಸ ಹೋಗುವವರೂ ಇದ್ದಾರೆ, ಬೇಕೆಂದೇ ಮೋಸದೊಡನೆ ಕೈಜೋಡಿಸುವವರೂ ಇದ್ದಾರೆ. ಮೂರು ದಿನದಲ್ಲಿ ಪ್ರಕಟನೆ, ಪ್ರಮಾಣಪತ್ರ ಉಚಿತ, ಯಾವ ವಿಷಯವಾದರೂ ಸರಿ, ಇಷ್ಟು ಶುಲ್ಕ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಆಹ್ವಾನವನ್ನು ನೋಡದ ಅಧ್ಯಾಪಕರು ವಿರಳ. ಇಂಥ ಪತ್ರಿಕೆಗಳಲ್ಲಿ ಪರಿಶೀಲನೆಯೆಂಬುದು ನಡೆಯುವುದೇ ಇಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು, ಯಾವ ವಿವೇಕಿಯೂ ತಿರಸ್ಕರಿಸಬೇಕಾದ ದೋಷಗಳನ್ನು ಬುದ್ಧಿಪೂರ್ವಕವಾಗಿ ಸೇರಿಸಿ ರಚಿಸಿದ ಕೃತಕ ಪ್ರಬಂಧವೊಂದನ್ನು 304 ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಹೈದರಾಬಾದಿನಿಂದ ನಡೆಯುವ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಯ ಮೇಲೆ ಅಮೆರಿಕದ ವ್ಯಾಪಾರ ಆಯೋಗ 2016ರಲ್ಲಿ ಮೊಕದ್ದಮೆ ಹೂಡಿತು, 2019ರಲ್ಲಿ ನ್ಯಾಯಾಲಯವು ಐದು ಕೋಟಿ ಡಾಲರಿಗೂ ಮಿಕ್ಕಿದ ಮೊತ್ತವನ್ನು ತೆರುವಂತೆ ಆಜ್ಞಾಪಿಸಿತು.

ಸರಕಾರಿ ಪಟ್ಟಿಗಳನ್ನು ನಂಬಿ ನಿದ್ರಿಸುವ ಕಾಲವೂ ಮುಗಿದಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2017ರಲ್ಲಿ 'ಅನುಮೋದಿತ ಪತ್ರಿಕೆಗಳ' ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ವಿಶ್ವವಿದ್ಯಾನಿಲಯಗಳೇ ಶಿಫಾರಸು ಮಾಡಿದ್ದ ಪತ್ರಿಕೆಗಳ ಪೈಕಿ 1,009ನ್ನು ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಪ್ರಾಥಮಿಕ ಮಾನದಂಡಗಳನ್ನು ಪೂರೈಸಿದವು 112 ಮಾತ್ರ. ಆ ಅಧ್ಯಯನ 2018ರಲ್ಲಿ ಪ್ರಕಟವಾದದ್ದು, 1932ರಿಂದ ಬೆಂಗಳೂರಿನಲ್ಲಿಯೇ ಹೊರಡುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಅದೇ ವರ್ಷ ಆಯೋಗ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ 'ಕೇರ್ ಲಿಸ್ಟ್' ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ, ಕೆಲವು ಸೂಚಕಗಳನ್ನು ಮುಂದಿಟ್ಟು, ಆಯ್ಕೆಯ ವಿವೇಚನೆಯನ್ನು ಸಂಸ್ಥೆಗಳಿಗೂ ಅಧ್ಯಾಪಕರಿಗೂ ಬಿಟ್ಟಿತು. ಇದನ್ನು ತೊಂದರೆಯೆಂದು ಗೊಣಗುವವರು ಬಹಳ. ನನಗಂತೂ ಇದು ವಯಸ್ಕರನ್ನು ವಯಸ್ಕರಂತೆ ಕಂಡ ಕ್ರಮವೆಂದು ತೋರುತ್ತದೆ. ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವುದಕ್ಕೆ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಲೇಬೇಕೆಂಬ ರಾಷ್ಟ್ರಮಟ್ಟದ ಕಡ್ಡಾಯವನ್ನು ಆಯೋಗದ 2022ರ ನಿಯಮಾವಳಿ ತೆಗೆದುಹಾಕಿರುವುದನ್ನೂ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ತಮ್ಮ ವಿಶ್ವವಿದ್ಯಾನಿಲಯದ ನಿಯಮ ಈಗ ಏನಿದೆಯೆಂದು ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಂಡು, ಅನಾವಶ್ಯಕವಾದ ಆತುರಕ್ಕೆ ಹಣ ಸುರಿಯುವುದನ್ನು ತಪ್ಪಿಸಿಕೊಳ್ಳಬಹುದು.

ಪರೀಕ್ಷೆಯ ವಿಧಾನ ಕಷ್ಟವಾದುದಲ್ಲ. ಪತ್ರಿಕೆಯ ಹಿಂದಿನ ಎರಡು ಸಂಚಿಕೆಗಳನ್ನು ತೆರೆದು, ತಮಗೆ ಗೊತ್ತಿರುವ ವಿಷಯದ ಮೇಲಿನ ಒಂದು ಪ್ರಬಂಧವನ್ನು ಆಮೂಲಾಗ್ರವಾಗಿ ಓದಿದರೆ ಅರ್ಧ ಸಂಶಯ ಬಗೆಹರಿಯುತ್ತದೆ. ಸಂಪಾದಕ ಮಂಡಲಿಯಲ್ಲಿ ಹೆಸರಿರುವ ಒಬ್ಬರಿಗೆ, ಅವರ ಸಂಸ್ಥೆಯ ಜಾಲತಾಣದಲ್ಲಿರುವ ವಿಳಾಸಕ್ಕೆ, ನೀವು ನಿಜವಾಗಿ ಈ ಮಂಡಲಿಯಲ್ಲಿದ್ದೀರಾ ಎಂದು ಪತ್ರ ಬರೆಯುವುದು ಎರಡನೆಯ ಪರೀಕ್ಷೆ. ತಮ್ಮ ಹೆಸರು ಅಲ್ಲಿದೆಯೆಂಬುದೇ ತಿಳಿಯದ ಮಹನೀಯರು ಉಂಟು. ಐಎಸ್‌ಎಸ್‌ಎನ್ ಎಂಬುದು ಪತ್ರಿಕೆಯನ್ನು ಗುರುತಿಸುವ ಸಂಖ್ಯೆಯೇ ಹೊರತು ಗುಣಕ್ಕೆ ಸಾಕ್ಷಿಯಲ್ಲ. ಪ್ರಕಟನ ನೀತಿಯ ಸಮಿತಿಯಾದ ಕೋಪ್‌ನ ಸದಸ್ಯತ್ವವಿದೆಯೆಂದೋ, ಮುಕ್ತ ಪತ್ರಿಕೆಗಳ ಸೂಚಿಯಾದ ಡಿಒಎಜೆಯಲ್ಲಿ ಸೇರಿದೆಯೆಂದೋ ಪತ್ರಿಕೆ ಹೇಳಿಕೊಂಡರೆ, ಅದನ್ನು ಪತ್ರಿಕೆಯ ಜಾಲತಾಣದಲ್ಲಿ ನೋಡದೆ ಆಯಾ ಸಂಸ್ಥೆಯ ಪಟ್ಟಿಯಲ್ಲಿಯೇ ಹುಡುಕಬೇಕು. ಪ್ರತಿಷ್ಠಿತ ಪತ್ರಿಕೆಯೊಂದರ ಹೆಸರನ್ನೇ ಇಟ್ಟುಕೊಂಡು ನಕಲಿ ಜಾಲತಾಣ ತೆರೆದು ಹಣ ವಸೂಲು ಮಾಡುವವರಿರುವುದರಿಂದ, ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸುವುದು ಅಗತ್ಯ. ಶುಲ್ಕವಿರುವುದೇ ದೋಷವಲ್ಲ, ಪ್ರಾಮಾಣಿಕವಾದ ಅನೇಕ ಪತ್ರಿಕೆಗಳು ಶುಲ್ಕ ಪಡೆಯುತ್ತವೆ. ಪರಿಶೀಲನೆಗೆ ಮೊದಲೇ ಸ್ವೀಕಾರವನ್ನು ವಾಗ್ದಾನ ಮಾಡುವುದು ದೋಷ.

ಮೋಸದ ಪತ್ರಿಕೆಗಳಿಗಿಂತ ನಮ್ಮ ಕಣ್ಣಿಗೆ ಬೇಗ ಬೀಳದ ಇನ್ನೊಂದು ಪ್ರಕಾರವುಂಟು. ಕಾಲೇಜಿನಲ್ಲಿ ಒಂದು ದಿನದ ವಿಚಾರಸಂಕಿರಣ ನಡೆಯುತ್ತದೆ. ಪ್ರಬಂಧಗಳನ್ನೆಲ್ಲ ಸೇರಿಸಿ ಐಎಸ್‌ಬಿಎನ್ ಸಹಿತ ಸಂಪುಟ ಬರುತ್ತದೆ. ಸಂಪಾದಕರೂ, ಪರಿಶೀಲಕರೂ, ಸಂಪುಟದ ಮೂರು ಪ್ರಬಂಧಗಳ ಲೇಖಕರೂ ಒಬ್ಬರೇ. ಪೀಠಿಕೆಯಲ್ಲಿ ಮಾತ್ರ 'ತಜ್ಞರಿಂದ ಪರಿಶೀಲಿತ' ಎಂದು ಬರೆದಿರುತ್ತದೆ. ಹೀಗೆ ಮಾಡುವವರು ದುಷ್ಟರಲ್ಲ, ರೂಢಿಗೆ ಬಿದ್ದವರು. ಪಕ್ಕದ ತಾಲ್ಲೂಕಿನ ಕಾಲೇಜಿನವರೊಡನೆ ಮಾತಾಡಿಕೊಂಡು, ಮಧುಗಿರಿಯ ಸಂಪುಟವನ್ನು ಶಿರಾದವರು, ಪಾವಗಡದ್ದನ್ನು ಕೊರಟಗೆರೆಯವರು ನೋಡಿಕೊಡುವ ಏರ್ಪಾಡನ್ನು ಮಾಡಿಕೊಂಡರೆ ಖರ್ಚಿಲ್ಲದೆ ಕೆಲಸ ನೇರವಾದೀತು. ಅದಾಗದಿದ್ದಲ್ಲಿ 'ಪರಿಶೀಲಿತವಲ್ಲ' ಎಂದು ಮುಚ್ಚುಮರೆಯಿಲ್ಲದೆ ಅಚ್ಚುಹಾಕಿದರೂ ಸಾಕು.

ಪರಿಶೀಲಕರ ಪದವಿ ಸಂಬಳವಿಲ್ಲದ, ಹೆಸರು ಬಾರದ, ಆದರೆ ಅಧಿಕಾರವಿರುವ ಪದವಿ. ಅಂಥ ಪದವಿಯೇ ಮನುಷ್ಯನ ಸ್ವಭಾವಕ್ಕೆ ಕಠಿನವಾದ ಪರೀಕ್ಷೆ. ಜಾನ್ ಜೇಮ್ಸ್ ವಾಟರ್‌ಸ್ಟನ್ ಎಂಬ ಸ್ಕಾಟಿಷ್ ಅಧ್ಯಾಪಕ, ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದವನು, ಅನಿಲಗಳ ಅಣುಗಳ ಚಲನೆಯನ್ನು ಕುರಿತು ತಾನು ಬರೆದ ಪ್ರಬಂಧವನ್ನು 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದ. ಪರಿಶೀಲಕರು ಅದನ್ನು ಅರ್ಥಹೀನವೆಂದು ತಳ್ಳಿಹಾಕಿದರು. ಹಸ್ತಪ್ರತಿ ಸೊಸೈಟಿಯ ಕಪಾಟಿನಲ್ಲಿಯೇ ಉಳಿಯಿತು. ಅವನ ಬಳಿ ಬೇರೆ ಪ್ರತಿ ಇರಲಿಲ್ಲ. ಅವನು ಕಾಲವಾದ ಮೇಲೆ, 1891ರಲ್ಲಿ, ಲಾರ್ಡ್ ರೇಲಿ ಅದನ್ನು ಕಂಡು ಮರುವರ್ಷ ಅಚ್ಚು ಹಾಕಿಸುವ ಹೊತ್ತಿಗೆ ಅದರ ವಿಚಾರಗಳು ಬೇರೆಯವರಿಂದ ಪ್ರಸಿದ್ಧವಾಗಿಬಿಟ್ಟಿದ್ದವು. ಹೊರನಾಡಿನ ಮೂಲೆಯಿಂದ, ಹೆಸರಿಲ್ಲದವರಿಂದ ಬಂದ ಬರಹವನ್ನು ಓದುವಾಗ ಪರಿಶೀಲಕರು ಈ ವೃತ್ತಾಂತವನ್ನು ಒಮ್ಮೆ ನೆನೆದರೆ ಲಾಭವುಂಟು.

ಒಪ್ಪಿಕೊಳ್ಳುವ ಮೊದಲೇ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳತಕ್ಕದ್ದು: ಈ ವಿಷಯ ನನಗೆ ತಿಳಿದಿದೆಯೇ, ಕೇಳಿದ ಅವಧಿಯಲ್ಲಿ ಮುಗಿಸಬಲ್ಲೆನೇ, ಲೇಖಕರೊಡನೆ ನನಗೆ ಸ್ನೇಹವೋ ದ್ವೇಷವೋ ಸ್ಪರ್ಧೆಯೋ ಉಂಟೇ. ಲೇಖಕರ ಹೆಸರನ್ನು ಮುಚ್ಚಿ ಕಳುಹಿಸುವ ಪದ್ಧತಿ ನಮ್ಮಂಥ ಚಿಕ್ಕ ವಿದ್ವದ್ವಲಯದಲ್ಲಿ ತೆಳ್ಳನೆಯ ಪರದೆ. ಕಾಡುಗೊಲ್ಲರ ಕಾವ್ಯದ ಮೇಲೆಯೋ ಪಾವಗಡದ ನೀರಿನ ಮೇಲೆಯೋ ಕನ್ನಡದಲ್ಲಿ ಬರೆದ ಪ್ರಬಂಧ ಕೈಗೆ ಬಂದರೆ ಎರಡು ಪುಟ ಓದುವಷ್ಟರಲ್ಲಿ ಯಾರದೆಂದು ಗೊತ್ತಾಗಿಬಿಡುತ್ತದೆ. ಗೊತ್ತಾದುದನ್ನು ಸಂಪಾದಕರಿಗೆ ತಿಳಿಸುವುದೇ ಸರಿ. ಗೊತ್ತಾಗದಂತೆ ನಟಿಸುವುದು ತಪ್ಪು. ಕೈಗೆ ಬಂದ ಪ್ರಬಂಧ ಪರಸ್ವತ್ತು: ಅದನ್ನು ಶಿಷ್ಯರಿಗೆ ತೋರಿಸಬೇಕಾದರೆ ಸಂಪಾದಕರ ಅನುಮತಿ ಬೇಕು, ಅದರಲ್ಲಿನ ವಿಚಾರವನ್ನು ತಮ್ಮ ಬರಹಕ್ಕೆ ಬಳಸಲಾಗದು, ವರದಿ ಬರೆಸುವ ಆಸೆಗೆ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಉಣಿಸಲಂತೂ ಕೂಡದು. ತಮ್ಮ ಐದು ಪ್ರಬಂಧಗಳನ್ನು ಉಲ್ಲೇಖಿಸಿದರೆ ಮಾತ್ರ ಒಪ್ಪುವೆನೆಂದು ಸೂಚಿಸುವ ಪರಿಶೀಲಕರು ಸುಂಕದ ಕಟ್ಟೆಯಲ್ಲಿ ಕುಳಿತವರಂತೆ ವರ್ತಿಸುತ್ತಾರೆ. ವರದಿಯಲ್ಲಿ ಪ್ರಬಂಧದ ಪ್ರತಿಪಾದನೆಯೇನೆಂಬುದನ್ನು ಮೊದಲು ತಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯುವುದು ಉತ್ತಮ. ಅರ್ಥ ಮಾಡಿಕೊಂಡಿದ್ದಾರೆಂಬ ಭರವಸೆ ಲೇಖಕರಿಗೆ ಅದರಿಂದ ದೊರೆಯುತ್ತದೆ. ಆಮೇಲೆ ತಿದ್ದದೆ ಪ್ರಕಟಿಸಲಾಗದ ದೋಷಗಳನ್ನು, ತಿದ್ದಿದರೆ ಚೆನ್ನಾದೀತೆನ್ನುವ ಸಣ್ಣ ಮಾತುಗಳಿಂದ ಬೇರ್ಪಡಿಸಿ, ಪುಟ ಸಾಲುಗಳ ಸಮೇತ ಹೇಳಬೇಕು. 'ಪ್ರಬಂಧ ದುರ್ಬಲವಾಗಿದೆ' ಎಂಬ ಒಂದು ವಾಕ್ಯದ ವರದಿ ಯಾರಿಗೂ ಉಪಯೋಗಕ್ಕೆ ಬಾರದು. ನೀತಿಸಮಿತಿಯ ಅನುಮತಿ, ಸಮ್ಮತಿಯ ರೀತಿ, ಮಾಹಿತಿದಾರರ ಗುರುತು ಇವನ್ನು ಪರಿಶೀಲಕರು ಕೇಳಿಯೇ ತೀರಬೇಕು. ಅವರು ಕೇಳದಿದ್ದರೆ ಮುಂದೆ ಕೇಳುವವರಿಲ್ಲ.

ಯಂತ್ರದ ಮಾತು ಬಂತಾದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ಹೊಣೆ ಹೊರಲಾರದ ಯಂತ್ರ ಲೇಖಕನಾಗಲಾರದೆಂದು ಕೋಪ್ 2023ರಲ್ಲಿ ಸ್ಪಷ್ಟಪಡಿಸಿದೆ. ಭಾಷೆ ತಿದ್ದಲು ಬಳಸಿದ್ದರೆ ಅದನ್ನು ಪ್ರಬಂಧದಲ್ಲಿ ಹೇಳಬೇಕು. ಯಂತ್ರ ಕೊಟ್ಟ ಗ್ರಂಥಸೂಚಿಯ ಪ್ರತಿಯೊಂದು ಉಲ್ಲೇಖವನ್ನೂ ತೆರೆದು ನೋಡಬೇಕು, ಏಕೆಂದರೆ ಇಲ್ಲದ ಪುಸ್ತಕಗಳನ್ನು ಇವೆಯೆಂದು ಹೇಳುವ ಚಾಳಿ ಅದಕ್ಕುಂಟು.

ಅಚ್ಚಾದ ಮೇಲೆ ದೋಷ ಕಂಡರೆ ಏನು ಮಾಡತಕ್ಕದ್ದು? ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ, ಕಬ್ಬಿಣವನ್ನು ಗುರುತಿಸುವ ಬ್ಯಾಕ್ಟೀರಿಯಾದ ಆರ್‌ಎನ್‌ಎಗಳನ್ನು ಕುರಿತು 2020ರಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ'ಯಲ್ಲಿ ಬಂದ ಪ್ರಬಂಧದ ಚಿತ್ರಗಳ ಬಗ್ಗೆ ಓದುಗರು ಸಂಶಯವನ್ನೆತ್ತಿದರು. ಸಂಸ್ಥೆ ತನಿಖೆ ನಡೆಸಿತು. ಚಿತ್ರಗಳನ್ನು ತಿರುಚಿದ್ದು ಖಚಿತವಾಗಿ 2021ರಲ್ಲಿ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಪ್ರಖ್ಯಾತವಾದ ಪತ್ರಿಕೆಯ ಪರಿಶೀಲಕರ ಕಣ್ಣಿಗೆ ಬೀಳದ್ದು ಸಾಮಾನ್ಯ ಓದುಗರ ಕಣ್ಣಿಗೆ ಬಿದ್ದದ್ದು ಇಲ್ಲಿ ಗಮನಿಸತಕ್ಕ ಅಂಶ. ಪ್ರಬಂಧವನ್ನು ಹಿಂದಕ್ಕೆ ಪಡೆಯುವುದೆಲ್ಲ ಕಳಂಕವೆಂದು ನಮ್ಮಲ್ಲೊಂದು ತಪ್ಪು ಭಾವನೆಯಿದೆ. ಪ್ರಾಮಾಣಿಕವಾದ ಪ್ರಮಾದವನ್ನು ತಾವಾಗಿಯೇ ಕಂಡುಹಿಡಿದು ಪತ್ರಿಕೆಗೆ ತಿಳಿಸಿದವರನ್ನು ಗೌರವಿಸುವುದು ನ್ಯಾಯ. ಪ್ರಯೋಗಶಾಲೆಯ ಉಪಕರಣದ ಅಳತೆ ಕೆಟ್ಟಿದ್ದು ತಡವಾಗಿ ಗೊತ್ತಾಯಿತೆನ್ನಿ. ಫಲಿತಾಂಶದ ತಿರುಳು ಉಳಿಯುವುದಾದರೆ ತಿದ್ದುಪಡಿ, ಉಳಿಯದಿದ್ದರೆ ಹಿಂಪಡೆಯುವಿಕೆ. ತಾವು ಉಲ್ಲೇಖಿಸಲಿರುವ ಪ್ರಬಂಧ ಹಿಂಪಡೆದದ್ದೇ ಎಂಬುದನ್ನು 'ರಿಟ್ರಾಕ್ಷನ್ ವಾಚ್' ದತ್ತಾಂಶದಲ್ಲಿ ನೋಡಿಕೊಳ್ಳಬಹುದು. 2023ರಿಂದ ಅದು ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ.

ಬೇರೆಯವರ ಪ್ರಬಂಧದಲ್ಲಿ ದೋಷ ಕಂಡವರು ಊರೆಲ್ಲ ಹೇಳಿಕೊಂಡು ತಿರುಗುವುದಕ್ಕೆ ಮುಂಚೆ, ಪುಟ, ಚಿತ್ರ, ಮೂಲ ಇವುಗಳನ್ನು ಎದುರುಬದುರಾಗಿಟ್ಟ ಒಂದು ಪತ್ರವನ್ನು ಪತ್ರಿಕೆಯ ಸಂಪಾದಕರಿಗೆ ಬರೆಯಬೇಕು. ಲೇಖಕರ ಉದ್ದೇಶವನ್ನು ಊಹಿಸುವ ಮಾತು ಅದರಲ್ಲಿರಬಾರದು. ಸಂಪಾದಕರಿಂದ ಉತ್ತರ ಬಾರದಿದ್ದರೆ ಪ್ರಕಾಶಕರಿಗೆ, ಪತ್ರಿಕೆ ಕೋಪ್‌ನ ಸದಸ್ಯವಾಗಿದ್ದರೆ ಆ ಸಮಿತಿಗೆ ದೂರು ಒಯ್ಯಬಹುದು. ಕೃತಿಚೌರ್ಯವಾದಲ್ಲಿ ಲೇಖಕರ ಸಂಸ್ಥೆಗೂ ಬರೆಯಬಹುದು: 2018ರ ನಿಯಮಾವಳಿಯ ಪ್ರಕಾರ ಮೊದಲು ವಿಭಾಗದ ಸಮಿತಿ ವಿಚಾರಣೆ ನಡೆಸಿ 45 ದಿನಗಳೊಳಗೆ ಸಂಸ್ಥೆಯ ಸಮಿತಿಗೆ ವರದಿ ಒಪ್ಪಿಸಬೇಕು; ಸಂಸ್ಥೆಯ ಸಮಿತಿ ಮತ್ತೆ 45 ದಿನಗಳೊಳಗೆ ತನ್ನ ಶಿಫಾರಸನ್ನು ಮುಖ್ಯಸ್ಥರ ಮುಂದಿಡಬೇಕು; ಆಪಾದಿತರಿಗೆ ತಮ್ಮ ಮಾತನ್ನು ಹೇಳಿಕೊಳ್ಳುವ ಅವಕಾಶ ಎರಡು ಹಂತಗಳಲ್ಲಿಯೂ ದೊರೆಯಬೇಕು. ಈ ವಿಚಾರಣೆ ನಡೆಯುತ್ತಿರುವಷ್ಟು ಕಾಲ ಓದುಗರನ್ನು ಕತ್ತಲೆಯಲ್ಲಿಡಬೇಕಾಗಿಲ್ಲ. ಪ್ರಬಂಧದ ಬಗ್ಗೆ ಸಂಶಯವಿದೆ, ತನಿಖೆ ಸಾಗಿದೆ ಎಂಬ ಸೂಚನೆಯನ್ನು ಆ ಪುಟದ ನೆತ್ತಿಯ ಮೇಲೆಯೇ ಪ್ರಕಟಿಸುವ ಅಧಿಕಾರ ಸಂಪಾದಕರಿಗಿದೆ.